ಜಯಕ್ಕ ಹೆಣೆದ ಗುಡ್ಲು

ತೆಂಗಿನ ಗರಿ ಹೆಣೆಯುವುದರಲ್ಲಿ ಕಾರೆಗುಡ್ಡದ ಹಟ್ಟಿಯ ಜಯಕ್ಕನನ್ನು ಮೀರಿಸುವವರು ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ತನಕ ಹುಡುಕಿದರೂ ಸಿಗಲಿಕ್ಕಿಲ್ಲ. ಗರಿಯನ್ನು ಮಧ್ಯಕ್ಕೆ ಸೀಳಿ, ಕಟ್ಟೆಯ ನೀರಿನಲ್ಲಿ ನೆನೆಹಾಕಿ, ಎಳೆಯ ಮೇಲೆ ಎಳೆ ಇಟ್ಟು ಆಕೆ ಹೆಣೆಯಲು ಕೂತರೆ ಬಾಯಿ ಒಂದು ಕಡೆ, ಕೈ ಒಂದು ಕಡೆ. ಬಾಯಿ ಯಾರದೋ ಮದುವೆಯ ಸುದ್ದಿ ಆಡುತ್ತಿರುತ್ತದೆ, ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ. ಚಪ್ಪರಕ್ಕೆ, ಕುರಿ ರೊಪ್ಪಕ್ಕೆ, ತೋಟದ ಮನೆಯ ಮಾಡಿಗೆ, ಎಲ್ಲದಕ್ಕೂ ಜಯಕ್ಕನ ಗರಿಯೇ ಆಗಬೇಕು. ಎಂಥ ಮಳೆ ಹೊಡೆದರೂ ಒಳಗೆ ಹನಿ ಬೀಳುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಹೊಗಳಿಕೆಯಾಯಿತು. ಈ ವಿದ್ಯೆ ಆಕೆಗೆ ಹೇಗೆ ಬಂತು ಅಂತ ಕೇಳಿದರೆ ಹೊಗಳುವ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ. ಒಳಗೆ ಮನೆಗಳು, ಕುರಿ ರೊಪ್ಪಗಳು, ನಡುವೆ ಹಟ್ಟಿಯ ದೇವರು ಜುಂಜಪ್ಪನ ಗುಡಿ. ಬೇಲಿಯ ಆಚೆ, ಹೊಂಗೆ ಮರದ ಪಕ್ಕ, ಒಂದು ಗುಡ್ಲು. ತಿಂಗಳ ಮುಟ್ಟಾದ ಹೆಂಗಸು ಆ ದಿನಗಳನ್ನು ಅಲ್ಲಿ ಕಳೆಯಬೇಕು. ಹೆತ್ತವಳು ಹಸುಗೂಸನ್ನು ಕಟ್ಟಿಕೊಂಡು ವಾರಗಟ್ಟಲೆ ಅಲ್ಲಿರಬೇಕು. ಯಾರೂ ಮುಟ್ಟುವಂತಿಲ್ಲ, ಮುಟ್ಟಿದವರಿಗೂ ಸೂತಕ. ಊಟ ತಂದವರು ದೂರದಲ್ಲಿಟ್ಟು ಹಿಂದೆ ಸರಿಯಬೇಕು. ಸೂತಕದವಳು ಬೇಲಿ ದಾಟಿ ಒಳಗೆ ಬಂದರೆ ದೇವರು ಮುನಿಯುತ್ತಾನೆ, ಕುರಿಗೆ ರೋಗ ತಗಲುತ್ತದೆ, ಮನೆಯೊಳಕ್ಕೆ ಹಾವು ಬರುತ್ತದೆ. ಯಾರು ಹೇಳಿದ್ದು? ಎಲ್ಲರೂ ಹೇಳಿದ್ದು. ಯಾರಿಗೆ ಹೇಳಿದ್ದು? ಎಲ್ಲರಿಗೂ. ಇಂಥ ಮಾತಿಗೆ ಹೆತ್ತವರೆಂದು ಯಾರೂ ಇರುವುದಿಲ್ಲ, ಸಾಕುವವರು ಮಾತ್ರ ಇರುತ್ತಾರೆ.

ಜಯಕ್ಕನ ಚೊಚ್ಚಲು ಹೆಣ್ಣು ಮಗು. ಆಗ ಗುಡ್ಲು ಅಂದರೆ ನಾಲ್ಕು ಕವೆಗೋಲಿಗೆ ಒರಗಿಸಿದ ಒಣಗರಿ, ಅಷ್ಟೇ. ಬಗ್ಗಿ ಒಳಗೆ ಹೋಗಬೇಕು, ಕಾಲು ಚಾಚಿದರೆ ಪಾದ ಹೊರಗೆ. ಆಷಾಢದ ಗಾಳಿಗೆ ಗರಿ ಹಾರಿತು, ಸೋನೆ ಒಳಗೇ ಸುರಿಯಿತು. ಮಗುವನ್ನು ಸೀರೆಯೊಳಗೆ, ಮೈಗೆ ಅವಚಿಕೊಂಡೇ ಕೂತಿದ್ದಳು. ಮಗುವಿನ ಅಳು ಸಣ್ಣಗಾಗುತ್ತ ಬಂದಾಗ ಅವಳು ಕೂಗಿದಳು. ಅತ್ತೆ ಓಡಿ ಬಂದಳು, ಬೇಲಿಯ ತನಕ. ಅಲ್ಲಿ ನಿಂತು ಎದೆ ಎದೆ ಬಡಿದುಕೊಂಡು ಅತ್ತಳು. ಸುಳ್ಳು ಅಳುವಲ್ಲ ಅದು. ಸೊಸೆಯ ಮೇಲೆ ಜೀವ ಇಟ್ಟಿದ್ದ ಹೆಂಗಸು. ಆದರೆ ಬೇಲಿ ದಾಟಲಿಲ್ಲ. ಮಗು ಹೋಯಿತು.

ಅಯ್ಯೋ, ಜಯಕ್ಕನನ್ನು ಯಾರೂ ಬೈಯಲಿಲ್ಲ. ಎಲ್ಲರೂ ಸಮಾಧಾನ ಹೇಳಿದರು. "ಬುಡವ್ವಾ, ಅದ್ರ ರುಣ ಅಷ್ಟೇ ಇತ್ತು," ಅಂದರು.

ಜಯಕ್ಕ ಗರಿ ಹೆಣೆಯುವುದನ್ನು ಕಲಿತದ್ದು ಆಮೇಲೆ. ಯಾರಿಂದ ಕಲಿತಳೋ, ನೋಡಿಯೇ ಕಲಿತಳೋ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬೇಲಿಯಾಚೆಯ ಗುಡ್ಲನ್ನು ಕಿತ್ತು ಹೊಸದಾಗಿ ಹೊದಿಸತೊಡಗಿದಳು. ಗೋಡೆಗೆ ಎರಡು ಪದರ, ಮಾಡಿಗೆ ಮೂರು ಪದರ. ನೆಲಕ್ಕೆ ತೆಂಗಿನ ನಾರು ಹಾಸಿ ಮೇಲೆ ಚಾಪೆ. ಹೆಂಗಸರು ಅವಳ ಹೊಟ್ಟೆ ತಣ್ಣಗಿರಲಿ ಎಂದು ಹರಸಿದರು. "ಜಯಕ್ಕನ ಗುಡ್ಲಾಗೆ ಮನೇಗಿಂತ ಬೆಚ್ಗಿರ್ತದೆ ಕಣೇ," ಎಂದು ಬೇರೆ ಹಟ್ಟಿಯವರಿಗೆ ಜಂಬದಿಂದ ಹೇಳಿಕೊಂಡರು. ಬೇರೆ ಹಟ್ಟಿಯವರೂ ಅವಳನ್ನು ಕರೆಸಿ ತಮ್ಮಲ್ಲಿ ಕಟ್ಟಿಸಿಕೊಂಡರು. ತನ್ನ ಮಗುವಿಗೆ ಆದದ್ದು ಇನ್ನೊಬ್ಬರದಕ್ಕೆ ಆಗದಿರಲಿ ಎಂದು ಅವಳು ಮಾಡಿದ್ದು. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ನಡುವೆ ಸರ್ಕಾರಿ ಜೀಪಿನಲ್ಲಿ ಬಂದವರು ಭಾಷಣ ಮಾಡಿ, ಫೋಟೊ ತೆಗೆಸಿಕೊಂಡು, ಬೇಲಿಯಾಚೆಯೇ ಒಂದು ಸಿಮೆಂಟಿನ ಕೋಣೆ ಕಟ್ಟಿಸಿ ಹೋದರು. ಪದ್ಧತಿ ಬಿಡಿ ಎನ್ನಲು ಬಂದವರು ಪದ್ಧತಿಗೇ ತಾರಸಿ ಹಾಕಿಸಿದಂತಾಯಿತು. ಅದಕ್ಕೆ ನೀರಿನ ಪೈಪು ಬರಲೇ ಇಲ್ಲ. ಈಗ ಅದರಲ್ಲಿ ಯಾರದೋ ಗೊಬ್ಬರದ ಮೂಟೆಗಳಿವೆ.

ಜಯಕ್ಕನಿಗೆ ಆಮೇಲೆ ಹುಟ್ಟಿದವನು ಚಿತ್ತೇಶ್. ತಿಪಟೂರಿನಲ್ಲಿ ಕೊಬ್ಬರಿ ಮೂಟೆ ಹೊರುವ ಕೆಲಸ ಅವನಿಗೆ. ಸಂಪಿಗೆಯ ಕಡೆಯಿಂದ ಮಂಜುಶ್ರೀ ಎಂಬ ಹುಡುಗಿಯನ್ನು ತಂದುಕೊಂಡರು. ಪಿಯುಸಿ ಓದಿದವಳು, ಮೆತ್ತಗೆ ಮಾತಾಡುವವಳು. ಅವಳು ಬಸುರಿ ಎಂದು ಗೊತ್ತಾದ ದಿನ ಹಟ್ಟಿಯೆಲ್ಲ ಬೆಲ್ಲ ಹಂಚಿದ ಜಯಕ್ಕ, ಸಂಜೆಗೆ ಹೊಂಗೆ ಮರದ ಕಡೆ ಮುಖ ಮಾಡಿ ಕೂತುಬಿಟ್ಟಳು.

"ಈ ಕೂಸು ಆ ಗುಡ್ಲಾಗೆ ಮಲಗಾಕಿಲ್ಲ," ಅಂದಳು ಗಂಡ ಚಿತ್ತಪ್ಪನಿಗೆ.

ಚಿತ್ತಪ್ಪ ಕುರಿಯಂಥ ಸಾಧು. "ಸುಮ್ಕಿರೇ. ಇದ್ದಂಗೆ ಇರೋದು ಒಳ್ಳೇದು," ಅಂದ.

ಸುಮ್ಮನಿರುವ ಹೆಂಗಸಾ ಅವಳು? ಗುಡಿಯ ಪೂಜಾರಿ ದೊಡ್ಡಣ್ಣನ ಹತ್ತಿರ ಹೋದಳು. ದೊಡ್ಡಣ್ಣ ಅಂದರೆ ಮೀಸೆ ತಿರುವುವ ಪೈಕಿಯಲ್ಲ. ಜಯಕ್ಕನ ಮಗು ಹೋದಾಗ ಗುಂಡಿ ತೋಡಿದವನು ಅವನೇ.

"ನಾನೇನ್ ಮಾಡ್ಲಿ ಜಯಕ್ಕಾ? ನಂದೇನು ಅಡ್ಡಿ ಇಲ್ಲ ಕಣವ್ವಾ. ಆದ್ರೆ ಹಟ್ಟಿ ಹೆಂಗಸ್ರೇ ಒಪ್ಪಾಕಿಲ್ವಲ್ಲ," ಅಂದ.

ಹೆಂಗಸರ ಹತ್ತಿರ ಹೋದಳು. ಪಕ್ಕದ ಮನೆಯ ವನಿತಾ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ, "ನಮ್ಗೇನಕ್ಕಾ, ಒಳಗಿರು ಅಂದ್ರೆ ಬ್ಯಾಡ ಅಂತೀವಾ? ಗಂಡಸ್ರು ಒಪ್ಪಾಕಿಲ್ಲ," ಅಂದಳು. ಗಂಡಸರು ಪೂಜಾರಿಯನ್ನು ತೋರಿಸಿದರು. ಪೂಜಾರಿ ದೇವರನ್ನು ತೋರಿಸಿದ. ದೇವರು ಮಾತಾಡುವುದಿಲ್ಲವಲ್ಲ, ಅಲ್ಲಿಗೆ ಮುಗಿಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಕೂತಂತೆ ಕೂಡ ಅಲ್ಲ ಇದು. ಇಲ್ಲಿ ಪ್ರತಿಯೊಂದು ಇಲಿಯೂ ಪಕ್ಕದ ಇಲಿಯನ್ನೇ ಬೆಕ್ಕು ಎಂದುಕೊಂಡಿತ್ತು.

ತುರುವೇಕೆರೆ ದಾರಿಯಲ್ಲಿ ರಂಗಪ್ಪನವರ ತೋಟ. ಅವರ ಹೆಂಡತಿ ವನಜಾಕ್ಷಿಯ ಹತ್ತಿರ ಗರಿ ಕೇಳಲು ಹೋದಾಗ ಜಯಕ್ಕ ಇದನ್ನೆಲ್ಲ ತೋಡಿಕೊಂಡಳು. ವನಜಾಕ್ಷಿ ಹಿಂದಿನ ಜಗಲಿಯಲ್ಲಿ ಒಂಟಿಯಾಗಿ ಕೂತು ತಟ್ಟೆಯಲ್ಲಿ ಊಟ ಮಾಡುತ್ತಿದ್ದರು. ಪಕ್ಕದಲ್ಲೇ ಅವರ ಚಾಪೆ, ಬೇರೆ ಲೋಟ.

"ಯಾವ ಕಾಲದಲ್ಲಿದ್ದೀರೇ ನೀವು? ನಮ್ಮಲ್ಲಿ ಹಂಗೆಲ್ಲಾ ಇಲ್ಲಮ್ಮ. ಈ ಮೂರು ದಿನ ಒಲೆ ಮುಟ್ಟಲ್ಲ, ಅಷ್ಟೇಯ. ಆ ಗುಡ್ಲಿಗೆ ಬೆಂಕಿ ಇಕ್ಕಿ ಸುಟ್ಟು ಹಾಕು ಅತ್ಲಾಗೆ! ಜಾಗಾನೇ ಇಲ್ದಿದ್ರೆ ಎಲ್ಲಿಗೆ ಕಳಿಸ್ತಾರೆ?" ಅಂದರು.

ಹೇಳುವವರಿಗೇನು ಹೋಗಬೇಕು? ಆದರೆ ಜಯಕ್ಕನ ತಲೆಯೊಳಗೆ ಆ ಮಾತು ಹೊಕ್ಕುಬಿಟ್ಟಿತು. ಜಾಗವೇ ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತಾರೆ? ಸರಿಯಾದ ಲೆಕ್ಕವೇ ಅನ್ನಿಸಿತು. ಮನೆಮನೆಗೆ ಅಲೆದು ಎಲ್ಲರನ್ನೂ ಕೇಳಿದ ಆ ಪುಣ್ಯಾತ್ಗಿತ್ತಿ ಒಬ್ಬಳನ್ನು ಮಾತ್ರ ಕೇಳಲಿಲ್ಲ. ಮನೆಯೊಳಗೇ ಇದ್ದಳಲ್ಲ, ಹೊಟ್ಟೆ ಹೊತ್ತುಕೊಂಡು, ಆ ಮಂಜುಶ್ರೀಯನ್ನು ಕೇಳಲಿಲ್ಲ. ಸೊಸೆಗೆ ಒಳ್ಳೆಯದು ಮಾಡಲು ಸೊಸೆಯನ್ನೇ ಕೇಳಬೇಕು ಅಂತ ಯಾವ ಅತ್ತೆಗೆ ಹೊಳೆದಿದೆ?

ದಿನ ತುಂಬಿದ ಮಂಜುಶ್ರೀಯನ್ನು ಹೆರಿಗೆಗೆಂದು ತಿಪಟೂರಿಗೆ ಕಳಿಸುವ ಮುಂಚಿನ ವಾರ, ಕುರಿಗಳೆಲ್ಲ ಗುಡ್ಡಕ್ಕೆ ಹೋಗಿದ್ದ ಮಟಮಟ ಮಧ್ಯಾಹ್ನ, ಗುಡ್ಲಿನಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು, ಜಯಕ್ಕ ಒಳಗಿದ್ದ ಕಂಬಳಿ, ಅಲ್ಯೂಮಿನಿಯಂ ಪಾತ್ರೆ ಹೊರಗಿಟ್ಟು ಕಡ್ಡಿ ಗೀರಿದಳು. ತಾನೇ ಹೆಣೆದದ್ದು. ಒಣಗಿದ ತೆಂಗಿನ ಗರಿಗೆ ಬೆಂಕಿ ಬಿದ್ದರೆ ಕೇಳಬೇಕೇ? ಜನ ಓಡಿ ಬರುವಷ್ಟರಲ್ಲಿ ಕವೆಗೋಲುಗಳು ಮಾತ್ರ ಕರ್ರಗೆ ನಿಂತಿದ್ದವು.

"ನಾನೇ ಸುಟ್ಟೆ. ಇನ್ನು ಮ್ಯಾಲೆ ಯಾರೂ ಆಚೆ ಹೋಗಂಗಿಲ್ಲ," ಅಂದಳು, ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದೇ. ಆ ಹೊತ್ತಿನಲ್ಲಿ ಅವಳಿಗೆ ಆದ ಸಂತೋಷ ಜನ್ಮದಲ್ಲಿ ಆಗಿರಲಿಲ್ಲ.

ಯಾರೂ ಜಗಳ ಆಡಲಿಲ್ಲ. ದೊಡ್ಡಣ್ಣ ತಲೆ ಅಲ್ಲಾಡಿಸಿ ಗುಡಿಗೆ ಹೋಗಿ ದೀಪ ಹಚ್ಚಿದ. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಮನೆಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ತಿರುಗಿ ಬೈಯುವ ಬಾಯಿ ಅವಳಿಗಿತ್ತು.

ಮುಂದೆ ವಾರ ತುಂಬಿತೋ ಇಲ್ಲವೋ, ವನಿತಾ ಮುಟ್ಟಾದಳು. ಬೆಳಿಗ್ಗೆಯಿಂದ ಸೋನೆ ಹಿಡಿದಿತ್ತು. ನೋಡುತ್ತಾಳೆ ಜಯಕ್ಕ, ಹೊಂಗೆ ಮರದ ಬುಡದಲ್ಲಿ, ತಲೆಗೆ ಗೋಣಿಚೀಲ ಕೊಪ್ಪೆ ಹಾಕಿಕೊಂಡು ವನಿತಾ ಮುದುರಿ ಕೂತಿದ್ದಾಳೆ.

"ಏಳೇ, ಬಾರೇ ನಮ್ಮನೆಗೆ! ನಿಂಗೇನು ಬುದ್ಧಿ ಇಲ್ವೇನೇ?"

"ಬತ್ತೀನಿ. ಬಂದ್ಮೇಲೆ ನನ್ನ ಮಕ್ಳಿಗೆ ಏನಾರಾ ಆದ್ರೆ ನೀನು ತಂದ್ಕೊಡ್ತೀಯಾ?" ವನಿತಾಳ ಹಲ್ಲು ಕಟಕಟ ಅನ್ನುತ್ತಿತ್ತು. "ಗುಡ್ಲಾರಾ ಇತ್ತಲ್ಲಕ್ಕಾ. ಬೆಚ್ಗಿತ್ತು. ಅದ್ನೂ ಸುಟ್ಟಾಕ್ಬುಟ್ಟೆ. ನಾವೇನ್ ಮಾಡಿದ್ವಿ ನಿಂಗೆ?"

ಸುಟ್ಟದ್ದು ಗರಿಯನ್ನು ಮಾತ್ರ ಎಂದು ಜಯಕ್ಕನಿಗೆ ಆಗ ಅರ್ಥವಾಯಿತು. ಹೋಗಲಿ, ಅವರಿವರು ಹಾಳಾಗಲಿ, ನನ್ನ ಸೊಸೆ ನನ್ನ ಮನೆಗೆ ಬರುತ್ತಾಳಲ್ಲ, ಅವಳನ್ನು ನೋಡಿ ಉಳಿದವರು ಕಲಿಯುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಳು.

ತಿಪಟೂರಿನಲ್ಲಿ ಮಂಜುಶ್ರೀಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಬರುವ ದಿನ ಜಯಕ್ಕ ಕೋಳಿ ಕೂಗುವ ಮುಂಚೆ ಎದ್ದು ಸಾರಿಸಿ, ಹಂಡೆಗೆ ನೀರು ಕಾಯಿಸಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಒಳಗಿನ ಕೋಣೆಯಲ್ಲಿ ಹಳೆ ಸೀರೆಯ ತೊಟ್ಟಿಲು ಕಟ್ಟಿದಳು. ಬಾಗಿಲನ್ನು ಹಾರು ಹೊಡೆದು ಹೊಸ್ತಿಲಲ್ಲಿ ನಿಂತಳು. ಎದುರು ಮನೆಗಳ ಬಾಗಿಲ ಸಂದಿಯಲ್ಲೆಲ್ಲ ಕಣ್ಣುಗಳಿದ್ದವು.

ಆಟೊ ಬಂದು ಬೇಲಿಯ ಸಂದಿನ ಹತ್ತಿರ ನಿಂತಿತು. ಚಿತ್ತೇಶ್ ಇಳಿದ. ಮಗುವನ್ನು ಎದೆಗೊತ್ತಿಕೊಂಡು ಮಂಜುಶ್ರೀ ಇಳಿದಳು. ಇಳಿದವಳು ತಲೆ ಎತ್ತದೆ, ಮನೆಯ ಕಡೆ ನೋಡದೆ, ಹೊಂಗೆ ಮರದ ಕಡೆ ನಡೆದಳು.

"ಮಂಜೂ! ಈ ಕಡೆ ಬಾರವ್ವಾ! ಬಾಗ್ಲು ತೆಗೆದೀನಿ ಕಣೇ!"

ಮಂಜುಶ್ರೀ ನಿಲ್ಲಲಿಲ್ಲ. ಜಯಕ್ಕ ಓಡಿದಳು. ಬೇಲಿಯ ತನಕ ಓಡಿ ಅಲ್ಲಿ ನಿಂತಳು. ಮಗ ನೆಲ ನೋಡುತ್ತಿದ್ದ. ಅಪ್ಪನ ಮಗ.

"ಯಾಕೇ? ಯಾರಿಗೆ ಹೆದರ್ತೀಯ? ನಾನಿಲ್ವಾ?"

ಮಂಜುಶ್ರೀ ಮರದ ಬುಡದಲ್ಲಿ, ಸುಟ್ಟ ಕವೆಗೋಲುಗಳ ನಡುವೆ ಕೂತು ಮಗುವಿಗೆ ಸೆರಗು ಮುಚ್ಚಿದಳು. ಅವಳ ಮುಖವೆಲ್ಲ ನೀರು.

"ಅತ್ತೆ, ನಿಮ್ಮ ಮಗು ಇಲ್ಲಿ ಹೋದಾಗ ನಿಮ್ಮನ್ನ ಯಾರಾದ್ರೂ ಬೈದ್ರಾ?"

"ಇಲ್ಲ."

"ನಾನು ಒಳಗೆ ಬಂದು ಇದಕ್ಕೊಂದು ನೆಗಡಿ ಆದ್ರೂ ನಾನೇ ಕೊಂದೆ ಅಂತಾರೆ. ಯಾರ ರೊಪ್ಪದಲ್ಲಿ ಮರಿ ಸತ್ರೂ ಈ ಮಗೂನ ಕಾಲ್ಗುಣ ಅಂತಾರೆ. ಬೆಳೆದು ದೊಡ್ಡವಳಾದ್ರೂ, ಸೂತಕದಲ್ಲಿ ಬೇಲಿ ದಾಟಿದ್ದು ಇವಳೇ ಅಂತ ಬೆರಳು ತೋರಿಸ್ತಾರೆ. ಇಲ್ಲಿ ಏನಾದ್ರೂ ಆದ್ರೆ ಅದು ದೇವರ ಇಚ್ಛೆ. ಅಲ್ಲಿ ಆದ್ರೆ ನನ್ನ ತಪ್ಪು. ನಂಗೆ ಅಷ್ಟು ಧೈರ್ಯ ಇಲ್ಲ ಅತ್ತೆ. ನೀವು ನನ್ನ ಒಂದು ಮಾತು ಕೇಳಿದ್ರೆ ಮೊದಲೇ ಹೇಳ್ತಿದ್ದೆ."

ಮೋಡ ಗುಡ್ಡದ ಮೇಲೆ ಇಳಿದಿತ್ತು. ಗಾಳಿ ಎದ್ದಿತು, ಅದೇ ಆಷಾಢದ ಗಾಳಿ. ಮಗು ಸಣ್ಣಗೆ ಅತ್ತಿತು. ಆ ದನಿ ಕೇಳಿದ್ದೇ ತಡ ಜಯಕ್ಕನ ಎದೆಯಲ್ಲಿ ಹಳೆಯ ಗಾಯ ಬಾಯಿ ಬಿಟ್ಟಿತು. ಈಗ ಹಟ ಹಿಡಿದು ನಿಂತರೆ ಮಳೆಯಲ್ಲಿ ಯಾರು ನೆನೆಯುತ್ತಾರೆ? ದೊಡ್ಡಣ್ಣ ನೆನೆಯುತ್ತಾನಾ? ದೇವರು ನೆನೆಯುತ್ತಾನಾ?

"ಚಿತ್ತೇಶಾ, ಓಡ್ಲಾ! ರಂಗಪ್ಪನೋರ ತೋಟದಾಗೆ ಗರಿ ಎಷ್ಟೈತೋ ಅಷ್ಟೂ ತತ್ತಾ!" ಎಂದು ಚೀರಿದಳು.

ಆಟೊದಲ್ಲೇ ಹಸಿ ಗರಿ ಬಂತು. ನೆನೆಹಾಕಲು ಹೊತ್ತಿರಲಿಲ್ಲ. ಜಯಕ್ಕ ಮಣ್ಣಿನಲ್ಲೇ ಕುಕ್ಕರಿಸಿ ಹೆಣೆಯತೊಡಗಿದಳು. ಕಣ್ಣೀರು ಸುರಿಯುತ್ತಿತ್ತು, ಕೈ ಓಡುತ್ತಿತ್ತು. ಆಗ ತೆರೆದವು ನೋಡಿ, ಎದುರು ಮನೆಗಳ ಬಾಗಿಲುಗಳು! ಮಗುವನ್ನು ಒಳಗೆ ಕರೆಸಿಕೊಳ್ಳೋಣ ಅಂದಾಗ ಒಬ್ಬರೂ ಬರದಿದ್ದವರು, ಗುಡ್ಲು ಕಟ್ಟಲು ಹಟ್ಟಿಗೆ ಹಟ್ಟಿಯೇ ಬಂತು. ಯಾರಿಗೂ ಮೈ ತಗಲದಂತೆ ಬಾಣಂತಿ ದೂರ ಸರಿದು ಕೂತಳು. ಒಬ್ಬರು ಗಳ ತಂದರು, ಒಬ್ಬರು ನಾರಿನ ಹಗ್ಗ ತಂದರು. ವನಿತಾ ತನ್ನ ಹೊಸ ಕಂಬಳಿಯನ್ನು ದೂರದಿಂದಲೇ ಎಸೆದಳು. ದೊಡ್ಡಣ್ಣ ಪಂಚೆ ಎತ್ತಿ ಕಟ್ಟಿ ಗಳ ನೆಡಲು ಗುಂಡಿ ತೋಡಿದ. ಯಾರ ಮುಖದಲ್ಲೂ ಕೋಪವಿಲ್ಲ. ಎಲ್ಲರಿಗೂ ಸಮಾಧಾನ, ಎಲ್ಲರಿಗೂ ಕರುಣೆ. ಇಷ್ಟು ಒಳ್ಳೆಯ ಜನರನ್ನು ದ್ವೇಷಿಸಲು ಜಯಕ್ಕನಿಗೆ ಆಗಲಿಲ್ಲ. ಆಗದಿದ್ದುದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ಮಳೆ ಬೀಳುವುದರೊಳಗೆ ಗುಡ್ಲು ಎದ್ದಿತು. ಮಂಜುಶ್ರೀ ಮಗುವಿನೊಂದಿಗೆ ಒಳಗೆ ಹೋದಳು. ಉಳಿದವರು ಬೇಲಿಯ ಒಳಕ್ಕೆ ಸರಿದರು. ಜಯಕ್ಕ ಸರಿಯಲಿಲ್ಲ. ಬಗ್ಗಿ ಗುಡ್ಲಿನೊಳಗೆ ನುಗ್ಗಿದಳು, ಮೊಮ್ಮಗಳನ್ನು ಬಾಚಿ ತೆಗೆದುಕೊಂಡು ಮಡಿಲಿಗೆ ಹಾಕಿಕೊಂಡಳು.

"ಅಯ್ಯೋ ಜಯಕ್ಕಾ, ಮುಟ್ಟುಬುಟ್ಟೆಯಲ್ಲೇ! ಸೂತಕ ಆಯ್ತಲ್ಲೇ!" ಎಂದು ಹೆಂಗಸರು ಕೂಗಿದರು.

"ಆಗ್ಲಿ. ನಾನೂ ಇಲ್ಲೇ ಇರ್ತೀನಿ. ಏನ್ ಕಿತ್ಕೊತೀರೋ ಕಿತ್ಕಳ್ರಿ," ಅಂದಳು.

ಅತ್ತೆ ಅಂದು ದಾಟದ ಬೇಲಿಯನ್ನು ತಾನು ದಾಟಿದೆ ಎಂಬ ಒಂದು ತೃಪ್ತಿ ಇತ್ತು. ಸೂತಕ ಕಳೆಯುವ ತನಕ ಅವಳು ಅಲ್ಲೇ ಇದ್ದಳು. ಚಿತ್ತಪ್ಪ ಇಬ್ಬರಿಗೂ ಮುದ್ದೆ ತಂದು ದೂರದಲ್ಲಿಟ್ಟು ಹೋಗುತ್ತಿದ್ದ. ಮಗು ಉಳಿಯಿತು, ಗುಂಡುಗುಂಡಾಗಿ ಬೆಳೆಯಿತು. ಹಟ್ಟಿ ಏನನ್ನಬೇಕು? "ನೋಡಿದ್ರಾ? ಪದ್ಧತಿ ಮೀರಲಿಲ್ಲ, ದೇವ್ರು ಕಾಪಾಡ್ದ."

ಹೋಗಲಿ ಬಿಡಿ ಅಂದುಕೊಳ್ಳೋಣ. ಆದರೆ ಕೇಳಿ ಇನ್ನೊಂದು. ಮರುವರ್ಷ ವನಿತಾ ಹೆತ್ತಳು. ಅವಳನ್ನು ಗುಡ್ಲಿಗೆ ಕಳಿಸುವಾಗ ಯಾರೋ ಅಂದರು, "ಜಯಕ್ಕ ಸೊಸೆ ಜೊತೆ ಹೋಗಿದ್ಲಲ್ಲ, ಅದ್ಕೇ ಮಗು ಚೆನ್ನಾಗೈತೆ. ಅತ್ತೇನೂ ಹೋಗ್ಬೇಕು." ಇನ್ನೊಬ್ಬರು ಹೌದು ಅಂದರು. ದೊಡ್ಡಣ್ಣ ಗುಡಿಯಲ್ಲಿ ಹೂ ಇಟ್ಟು ಪ್ರಸಾದ ಕೇಳಿದ. ಬಲಗಡೆ ಹೂ ಬಿತ್ತು. ಅಲ್ಲಿಗೆ ಕಟ್ಟಳೆಯಾಯಿತು. ವನಿತಾಳ ಅತ್ತೆ ಕ್ಯಾತಕ್ಕ, ಉಬ್ಬಸದ ಮುದುಕಿ, ಕೆಮ್ಮುತ್ತ ಕಂಬಳಿ ಹೊತ್ತು ಬೇಲಿಯಾಚೆ ಹೋದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳೂ ಮುಗಿದಳು. ಜಯಕ್ಕನನ್ನು ಆಗಲೂ ಯಾರೂ ಬೈಯಲಿಲ್ಲ. "ವಯಸ್ಸಾಗಿತ್ತು ಬುಡು," ಅಂದರು.

ಈ ವರ್ಷ ಮತ್ತೆ ಮೋಡ ಕಟ್ಟುವ ಕಾಲ ಬಂದಿದೆ. ಜಯಕ್ಕ ಮನೆಯ ಮುಂದೆ ನೆನೆದ ಗರಿಯ ರಾಶಿ ಹಾಕಿಕೊಂಡು ಕೂತಿದ್ದಾಳೆ. ಇಬ್ಬರು ಮಲಗುವಷ್ಟು ಅಗಲ ಮಾಡು ಎಂದು ದೊಡ್ಡಣ್ಣ ಹೇಳಿಹೋಗಿದ್ದಾನೆ. ಹೆಣೆಯುವುದಿಲ್ಲ ಅನ್ನಬಹುದು. ಅಂದರೆ, ವನಿತಾ ಗೋಣಿಚೀಲ ಹೊದ್ದು ಕೂತದ್ದು ಕಣ್ಣ ಮುಂದೆ ಬರುತ್ತದೆ. ಹೆಣೆದರೆ ಕ್ಯಾತಕ್ಕನ ಕೆಮ್ಮು ಕಿವಿಯಲ್ಲಿ ಕೇಳುತ್ತದೆ.

"ಬೇಲಿ ದಾಟಿದೆ ಅಂದ್ಕೊಂಡಿದ್ದೆ ಕಣೇ. ಬೇಲೀನೇ ಕಿತ್ತು ತಂದು ನನ್ನಿಂದಾಚೆ ನೆಟ್ರು," ಅಂದಳು ಸೊಸೆಗೆ.

ಮಂಜುಶ್ರೀ ಎದುರಿಗೇ ಕೂತಿದ್ದಳು. ಈ ಮೂರು ವರ್ಷದಲ್ಲಿ ಅವಳ ದನಿ ಸ್ವಲ್ಪ ಗಟ್ಟಿಯಾಗಿದೆ. "ಅವತ್ತು ನಾನು ಒಳಗೆ ಬರಬೇಕಾಗಿತ್ತು ಅತ್ತೆ. ನೀವೊಬ್ಬರೇ ಅಂದ್ಕೊಂಡು ಹೆದರಿದೆ. ನೀವೊಬ್ಬರು, ನಾನೊಬ್ಬಳು, ಇಬ್ಬರಾಗ್ತಿದ್ವಿ. ವನಿತಕ್ಕನೂ ಬರ್ತಿದ್ಲೋ ಏನೋ." ಮಗಳ ಕಡೆ ನೋಡಿ ಅಂದಳು, "ಇವಳಿಗೆ ಮಾತ್ರ ನಾನು ಗರಿ ಹೆಣೆಯೋದು ಕಲಿಸಲ್ಲ."

ಜಯಕ್ಕ ತಲೆ ಎತ್ತಿ ಸೊಸೆಯ ಕೈ ನೋಡಿದಳು. "ನಿಂಗೆ ಯಾರವ್ವಾ ಕಲಿಸಿದ್ರು?"

ಮಂಜುಶ್ರೀ ತನ್ನ ಮಡಿಲು ನೋಡಿಕೊಂಡಳು. ಮಾತಾಡುತ್ತ ಆಡುತ್ತ ಅರ್ಧ ಗರಿ ಹೆಣೆದು ಮುಗಿಸಿದ್ದಳು. ಅತ್ತೆಯ ಹೆಣಿಗೆಯಷ್ಟೇ ಬಿಗಿ. ಅವಳು ಗರಿಯನ್ನು ಪಕ್ಕಕ್ಕೆ ತಳ್ಳಿದಳು.

ಪಕ್ಕದಲ್ಲಿ ಕೂತಿದ್ದ ಮಗು ಅದನ್ನು ಎಳೆದುಕೊಂಡಿತು. ನಾಲಿಗೆ ಕಚ್ಚಿಕೊಂಡು, ಅಜ್ಜಿಯ ಕೈಯನ್ನೇ ನೋಡುತ್ತ, ಒಂದು ಎಳೆಯ ಮೇಲೆ ಇನ್ನೊಂದು ಎಳೆ ಇಟ್ಟಿತು.